ಹಾಜರಿ ಹಾಳೆ ಯಾರ ಕೈಯಲ್ಲಿ?

2025ರ ಬೇಸಿಗೆಯಲ್ಲಿ ನಮ್ಮವ್ವ ಹನ್ನೆರಡು ದಿನ ಕೆರೆ ಹೂಳೆತ್ತುವ ಕೆಲಸಕ್ಕೆ ಹೋಗಿದ್ದಳು. ಉದ್ಯೋಗ ಖಾತ್ರಿ ಕೆಲಸ. ಖಾತೆಗೆ ಬಿದ್ದದ್ದು ಒಂಬತ್ತು ದಿನದ ಕೂಲಿ. ಉಳಿದ ಮೂರು ದಿನ ಎಲ್ಲಿ ಹೋದವು ಎಂದು ಕೇಳಲು ಹೋದರೆ, "ಆ ಮೂರು ದಿನ ಮಧ್ಯಾಹ್ನದ ಫೋಟೋ ಏರಿಲ್ಲ" ಎಂದರು. ನೆಟ್‌ವರ್ಕ್ ಇರಲಿಲ್ಲವಂತೆ. ಆ ವರ್ಷ ನಮ್ಮ ರಾಜ್ಯದಲ್ಲಿ ದಿನದ ಕೂಲಿ 370 ರೂಪಾಯಿ. ಮೂರು ದಿನಕ್ಕೆ 1,110 ರೂಪಾಯಿ.

ಅವ್ವ ಜಗಳಗಂಟಿಯಲ್ಲ. ಮನೆಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಕೇಳಿದಳು: "ನಾ ಮಣ್ಣು ಹೊತ್ತಿದ್ದು ಕೆರಿಗೆ ಗೊತ್ತೈತಿ, ನನ್ನ ಸೊಂಟಕ್ಕ ಗೊತ್ತೈತಿ. ಆ ಫೋನಿಗೆ ಯಾಕ ಗೊತ್ತಿಲ್ಲ?"

ಅದೇ ತಿಂಗಳು ನಾನು ಎಂ.ಎ. ಕಿರುಪ್ರಬಂಧಕ್ಕೆ ವಿಷಯ ಬರೆದು ಕೊಡಬೇಕಿತ್ತು. ಫಾರಂನಲ್ಲಿ 'ಆಸಕ್ತಿಯ ಕ್ಷೇತ್ರ' ಎಂದು ಒಂದು ಕಾಲಂ ಇತ್ತು. ನಾನು 'ಮಾಹಿತಿ ತಂತ್ರಜ್ಞಾನ ಮತ್ತು ದಿನಗೂಲಿ' ಎಂದು ಬರೆದೆ. ನಮ್ಮ ಗೈಡ್ ಮೇಷ್ಟ್ರು ಕನ್ನಡಕ ಮೇಲೇರಿಸಿ, "ಒಂದು ಬೆಂಗಳೂರಿನ ವಿಷಯ, ಇನ್ನೊಂದು ನಿಮ್ಮೂರಿನ ವಿಷಯ. ಎರಡನ್ನೂ ಹೆಂಗಮ್ಮ ಕೂಡಿಸ್ತಿ?" ಎಂದರು. ಓದುತ್ತ ಹೋದಂತೆ ನನಗೆ ತಿಳಿದದ್ದು ಇಷ್ಟು. ಇವೆರಡನ್ನೂ ನಾನು ಕೂಡಿಸಬೇಕಾಗಿಯೇ ಇಲ್ಲ, ಯಾವತ್ತೋ ಕೂಡಿವೆ. ನಮ್ಮ ದೇಶದಲ್ಲಿ ಮಾಹಿತಿ ಹಕ್ಕು ಎಂಬ ಕಾನೂನಿಗೆ ದಾರಿಯಾದದ್ದೇ ಕೂಲಿಕಾರರ ಒಂದು ಹಾಜರಿ ಹಾಳೆಯ ಜಗಳ. ಆ ಹಾಳೆಯ ಕಥೆಯನ್ನೇ ಇಲ್ಲಿ ಬರೆದಿದ್ದೇನೆ.

ನಾವೆಲ್ಲ ಅದನ್ನು ಎನ್‌ಎಂಆರ್ ಎನ್ನುತ್ತೇವೆ. ಪೂರ್ತಿ ಹೆಸರು ನಾಮಿನಲ್ ಮಸ್ಟರ್ ರೋಲ್. ಮಸ್ಟರ್ ಅನ್ನುವುದು ದಂಡಿನ ಮಾತು. ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಿ ಎಣಿಸುತ್ತಿದ್ದರು. ಇಂಗ್ಲಿಷರ ಕಾಲದಲ್ಲಿ ಆ ಪದ್ಧತಿ ಬರಗಾಲದ ಕಾಮಗಾರಿಗೂ ಬಂತು.

1876ರಿಂದ 78ರವರೆಗಿನ ದೊಡ್ಡ ಬರ ನಿಮ್ಮೂರ ಹಿರಿಯರ ಬಾಯಲ್ಲಿ ಇನ್ನೂ ಇರಬಹುದು. ಧಾತು ಸಂವತ್ಸರ, ಈಶ್ವರ ಸಂವತ್ಸರ ಎರಡೂ ಸೇರಿ 'ಧಾತು ಈಶ್ವರ ಬರ'. ಬಳ್ಳಾರಿ, ಧಾರವಾಡ, ಆಗಿನ ಕಲಾದಗಿ ಜಿಲ್ಲೆ, ಮೈಸೂರು ಸೀಮೆ ಎಲ್ಲ ಕಡೆ ಜನ ಹಸಿವಿನಿಂದ ಸತ್ತರು. ಸರ್ಕಾರ ರಸ್ತೆ, ಕೆರೆ, ಕಾಲುವೆ ಕೆಲಸ ತೆಗೆದು ಕೂಲಿ ಕೊಟ್ಟಿತು. ಆ ಕೂಲಿ ಎಷ್ಟಿತ್ತು ಗೊತ್ತೇ? 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕು ಎಂದು ಗೊತ್ತುಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗಿಂತ ಕಡಿಮೆ. ಅದನ್ನು ತಿಂದು ಹೊತ್ತು ಮುಳುಗುವ ತನಕ ಮಣ್ಣು ಹೊರಬೇಕು. ಮದ್ರಾಸ್ ಸರ್ಕಾರದ ಆರೋಗ್ಯಾಧಿಕಾರಿಯೇ ಇದಕ್ಕೆ ವಿರೋಧ ಹೇಳಿದ. ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಕೂಲಿಕಾರರು ಕಾಮಗಾರಿ ಬಿಟ್ಟು ಎದ್ದು ಹೋದರು.

ಅಂದು ಹಾಜರಿ ಹಾಳೆ ಇದ್ದದ್ದು ಸರ್ಕಾರದ ಖರ್ಚು ಎಣಿಸಲು. ಅದರಲ್ಲಿ ಏನು ಬರೆದಿದೆ ಎಂದು ಕೂಲಿಕಾರನಿಗೆ ತೋರಿಸಬೇಕೆಂಬ ಮಾತೇ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಈ ಪದ್ಧತಿ ಹಾಗೇ ಉಳಿಯಿತು. ನಮ್ಮಜ್ಜಿ 1972ರ ಬರದಲ್ಲಿ ರಸ್ತೆಗೆ ಜಲ್ಲಿ ಒಡೆದವಳು. "ಮೇಸ್ತ್ರಿ ಒಂದು ಉದ್ದನ ಹಾಳಿ ತರ್ತಿದ್ದ, ಹೆಬ್ಬೆಟ್ಟು ಒತ್ತು ಅಂತಿದ್ದ, ಒತ್ತತಿದ್ವಿ. ಎಷ್ಟು ಬರದಾನ ಅಂತ ಕೇಳಿದ್ರ ನಾಳಿ ಬರಬ್ಯಾಡ ಅಂತಿದ್ದ" ಎಂದು ಹೇಳುತ್ತಾಳೆ.

ಅದೇ ಬರದಲ್ಲಿ ಪಕ್ಕದ ಮಹಾರಾಷ್ಟ್ರ ಉದ್ಯೋಗ ಖಾತ್ರಿಯ ಕಡೆ ಹೆಜ್ಜೆ ಇಟ್ಟಿತು. ಅಲ್ಲಿ 1977ರಲ್ಲಿ ಕಾನೂನಾಗಿ 1979ರಲ್ಲಿ ಜಾರಿಗೆ ಬಂತು. ಕೆಲಸ ಕೇಳುವುದು ಹಕ್ಕಾಯಿತು. ಆ ಕೆಲಸದ ಲೆಕ್ಕ ಕೇಳುವುದು ಹಕ್ಕಾಗಬೇಕಾದರೆ ಇನ್ನಷ್ಟು ವರ್ಷ ಕಾಯಬೇಕಾಯಿತು. ಅದು ಆದದ್ದು ರಾಜಸ್ಥಾನದಲ್ಲಿ.

ರಾಜಸ್ಥಾನದ ನಡುಭಾಗ ನಮ್ಮ ರಾಯಚೂರು, ಕೊಪ್ಪಳದ ಹಾಗೆಯೇ ಒಣ ಸೀಮೆ. ಮಳೆ ಇಲ್ಲ, ಮಣ್ಣು ತೆಳು, ಗಂಡಸರು ಗುಳೆ ಹೋಗುತ್ತಾರೆ, ಬರದ ಕಾಮಗಾರಿಯೇ ಹೆಂಗಸರ ಆಸರೆ. 1987ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅಲ್ಲಿನ ದೇವಡುಂಗರಿ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅರುಣಾ ರಾಯ್ ಐಎಎಸ್ ಹುದ್ದೆ ಬಿಟ್ಟು ಬಂದವರು. ಶಂಕರ್ ಸಿಂಗ್ ಅದೇ ಸೀಮೆಯವರು, ಗೊಂಬೆಯಾಟ ಮತ್ತು ಹಾಡಿನಲ್ಲಿ ಜನರನ್ನು ನಗಿಸುತ್ತ ವಿಷಯ ಹೇಳುವವರು. ಊರವರ ಜೊತೆ ಸೇರಿ 1990ರ ಮೇ 1ರಂದು 'ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್' ಕಟ್ಟಿದರು.

ಅವರ ಮೊದಲ ಹೋರಾಟ ಕನಿಷ್ಠ ಕೂಲಿಗಾಗಿ. ಪೂರ್ತಿ ಕೂಲಿ ಕೊಡಿ ಎಂದರೆ ಅಧಿಕಾರಿಗಳು, "ನೀವು ಪೂರ್ತಿ ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಇದೆ" ಎನ್ನುತ್ತಿದ್ದರು. ದಾಖಲೆ ತೋರಿಸಿ ಎಂದರೆ ಅದು ಸರ್ಕಾರಿ ಗುಟ್ಟು. ಹಾಗಾಗಿ ಜಗಳ ಕೂಲಿಯಿಂದ ಹಾಳೆಯ ಕಡೆಗೆ ತಿರುಗಿತು. ನೋಡಿ, ಇದು ಕಾನೂನು ಓದಿದವರಿಗೆ ಹೊಳೆದ ವಿಚಾರವಲ್ಲ. ಗುದ್ದಲಿ ಹಿಡಿದವರು ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ಕೇಳಿದ ಸಾದಾ ಪ್ರಶ್ನೆ.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬ ಊರಲ್ಲಿ ಮೊದಲ 'ಜನ ಸುನವಾಯಿ' ನಡೆಯಿತು. ಸುನವಾಯಿ ಅಂದರೆ ಅಹವಾಲು ಕೇಳುವುದು. ಹೇಗೋ ನೋಡಲು ಸಿಕ್ಕಿದ್ದ ಹಾಜರಿ ಹಾಳೆಗಳನ್ನು ಊರಿನ ನಡುವೆ ಕೂತು ಗಟ್ಟಿಯಾಗಿ ಓದಿದರು. ಇಂಥವರು ಇಷ್ಟು ದಿನ ಕೆಲಸ ಮಾಡಿದ್ದಾರೆ, ಇಷ್ಟು ಕೂಲಿ ಪಡೆದಿದ್ದಾರೆ ಎಂದು ಓದುತ್ತ ಹೋದರೆ ಜನ ಎದ್ದು ನಿಂತರು. ಒಬ್ಬರು ಆ ಕೆಲಸಕ್ಕೆ ಕಾಲಿಟ್ಟೇ ಇಲ್ಲ. ಇನ್ನೊಬ್ಬರು ಊರು ಬಿಟ್ಟು ವರ್ಷಗಳಾಗಿವೆ. ಸತ್ತವರೂ ಕೂಲಿ ಎತ್ತಿದ್ದರು! ಓದು ಬಾರದವರೇ ತುಂಬಿದ್ದ ಆ ಸಭೆ ಒಂದು ಹಗಲಿನಲ್ಲಿ ಮಾಡಿದ ಆಡಿಟ್ಟನ್ನು ಆಡಿಟ್ ಇಲಾಖೆ ವರ್ಷಗಟ್ಟಲೆ ಮಾಡಿರಲಿಲ್ಲ. ಮಾಡಲು ಸಾಧ್ಯವೂ ಇರಲಿಲ್ಲ ಅನ್ನಿಸುತ್ತದೆ. ರಾಮಪ್ಪ ಸತ್ತು ನಾಲ್ಕು ವರ್ಷವಾಯಿತು ಎಂಬುದು ಜೈಪುರದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. 1995ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ, ಪಂಚಾಯತಿ ದಾಖಲೆಗಳ ನಕಲನ್ನು ಜನರಿಗೆ ಕೊಡುತ್ತೇವೆ ಎಂದರು. ವರ್ಷ ಕಳೆದರೂ ಆದೇಶ ಬರಲಿಲ್ಲ. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಕೂಲಿಕಾರರು ಧರಣಿ ಕೂತರು. ನಲವತ್ತು ದಿನ. ಹಳ್ಳಿಗಳಿಂದ ಜನ ಸರದಿಯ ಮೇಲೆ ಬಂದು ಕೂತರು, ಗೋಧಿ ತಂದು ಕೊಟ್ಟರು, ಪೇಟೆಯ ತರಕಾರಿ ಅಂಗಡಿಯವರು, ಚಹಾದವರು ಕೂಡ ಕೈ ಜೋಡಿಸಿದರು. 'ಹಮಾರಾ ಪೈಸಾ, ಹಮಾರಾ ಹಿಸಾಬ್' ಎಂದು ಕೂಗಿದರು. ನಮ್ಮ ದುಡ್ಡು, ನಮ್ಮ ಲೆಕ್ಕ.

ನಡುವೆ ಸರ್ಕಾರ ಒಂದು ಆದೇಶ ತಂದಿತು. ದಾಖಲೆ ನೋಡಬಹುದು, ಬೇಕಾದರೆ ಕೈಯಲ್ಲಿ ಬರೆದುಕೊಳ್ಳಬಹುದು. ಆದರೆ ಜೆರಾಕ್ಸ್ ಕೊಡುವುದಿಲ್ಲ! ಕೂಲಿಕಾರರು ಒಪ್ಪಲಿಲ್ಲ. ಕೈಯಲ್ಲಿ ಬರೆದುಕೊಂಡದ್ದನ್ನು ನಾಳೆ ಯಾರು ನಂಬುತ್ತಾರೆ? ಓದಲು ಬಾರದವರು ಬರೆದುಕೊಳ್ಳುವುದಾದರೂ ಹೇಗೆ? ಜೆರಾಕ್ಸ್ ಪ್ರತಿಯ ಮೇಲೆ ಸಹಿ ಇರುತ್ತದೆ, ಹೆಬ್ಬೆಟ್ಟು ಇರುತ್ತದೆ, ಅದು ಸಾಕ್ಷಿ. ಈ ಒಂದು ಯಂತ್ರದ ಸುತ್ತ ವರ್ಷಕ್ಕೂ ಹೆಚ್ಚು ಕಾಲ ಜಗ್ಗಾಟ ನಡೆದು, ಜೈಪುರದಲ್ಲಿ ಮತ್ತೆ ಧರಣಿ ಕೂತ ಮೇಲೆ 1997ರಲ್ಲಿ ನಕಲಿನ ಹಕ್ಕು ಒಪ್ಪಿತವಾಯಿತು. ಕೂಲಿಕಾರರು ತಂತ್ರಜ್ಞಾನಕ್ಕೆ ಹೆದರುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಈ ಕಥೆ ಹೇಳುತ್ತೇನೆ. ಅವರು ಬೀದಿಯಲ್ಲಿ ಕೂತು ಕೇಳಿದ್ದೇ ಒಂದು ಯಂತ್ರವನ್ನು.

ನಾವು ಪತ್ರಿಕೋದ್ಯಮ ಓದಿದವರು, ಹಾಗಾಗಿ ಇನ್ನೊಂದು ಮಾತು. ಬ್ಯಾವರ್ ಧರಣಿಗೆ 'ಜನಸತ್ತಾ' ಪತ್ರಿಕೆಯ ಪ್ರಭಾಷ್ ಜೋಶಿ ಬಂದಿದ್ದರು. ಹಿಂತಿರುಗಿ ಬರೆದ ಲೇಖನಕ್ಕೆ ಅವರು ಕೊಟ್ಟ ತಲೆಬರಹ 'ಹಮ್ ಜಾನೇಂಗೆ, ಹಮ್ ಜಿಯೇಂಗೆ'. ನಾವು ತಿಳಿಯುತ್ತೇವೆ, ನಾವು ಬದುಕುತ್ತೇವೆ ಎಂದರ್ಥ. ಅದೇ ಮುಂದೆ ಮಾಹಿತಿ ಹಕ್ಕಿನ ಚಳವಳಿಯ ಘೋಷಣೆಯಾಯಿತು. ಕರ್ನಾಟಕವೂ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. ಇಡೀ ದೇಶದ ಕಾಯ್ದೆ 2005ರ ಅಕ್ಟೋಬರ್ 12ರಂದು ಜಾರಿಗೆ ಬಂತು.

ಅದೇ ವರ್ಷವೇ ಉದ್ಯೋಗ ಖಾತ್ರಿ ಕಾಯ್ದೆಯೂ ಪಾಸಾಯಿತು. 2006ರ ಫೆಬ್ರವರಿ 2ರಂದು ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಯೋಜನೆ ಆರಂಭ. ಮೊದಲ ಕಂತಿನ 200 ಜಿಲ್ಲೆಗಳಲ್ಲಿ ನಮ್ಮವು ಐದು: ಬೀದರ್, ಕಲಬುರಗಿ, ರಾಯಚೂರು, ದಾವಣಗೆರೆ, ಚಿತ್ರದುರ್ಗ. 2008ರ ಏಪ್ರಿಲ್‌ನಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಬಂತು.

ಕೋಟ್ ಕಿರಾಣಾದ ಪಾಠ ಈ ಕಾಯ್ದೆಯೊಳಗೇ ಕೂತಿತ್ತು. ಹಾಜರಿ ಹಾಳೆ ಕೆಲಸದ ಜಾಗದಲ್ಲಿ ಇರಬೇಕಿತ್ತು, ಕೇಳಿದವರಿಗೆ ತೋರಿಸಬೇಕಿತ್ತು. ಜಾಬ್ ಕಾರ್ಡ್ ಕೂಲಿಕಾರರ ಕೈಯಲ್ಲೇ ಇರಬೇಕಿತ್ತು. ಗ್ರಾಮಸಭೆ ಸಾಮಾಜಿಕ ಪರಿಶೋಧನೆ ಮಾಡಬೇಕಿತ್ತು. ಇದು 17ನೇ ಸೆಕ್ಷನ್. ಕಂಪ್ಯೂಟರ್ ಬಂದದ್ದೂ ಇದೇ ಉದ್ದೇಶಕ್ಕೆ. ಹಾಜರಿ ಹಾಳೆ ವೆಬ್‌ಸೈಟಿಗೆ ಏರಿತು. ಲಿಂಗಸುಗೂರಿನ ಒಂದು ಹಳ್ಳಿಯ ಹಾಜರಿಯನ್ನು ದೆಹಲಿಯಲ್ಲಿ ಕೂತು ಯಾರು ಬೇಕಾದರೂ ನೋಡಬಹುದಿತ್ತು. ಇಂಥ ದಾಖಲೆ ಜಗತ್ತಿನಲ್ಲಿ ಬಹಳ ಕಡೆ ಇಲ್ಲ.

ನನ್ನಂಥ ವಿದ್ಯಾರ್ಥಿಗಳು ಈ ಕಥೆಯಲ್ಲಿ ಬರುವುದು ಇಲ್ಲಿಂದ. ಜೀನ್ ಡ್ರೇಜ್ ಮತ್ತು ರೀತಿಕಾ ಖೇರಾ ಎಂಬ ಅರ್ಥಶಾಸ್ತ್ರಜ್ಞರು 2008ರ ಬೇಸಿಗೆ ರಜೆಯಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಉತ್ತರದ ಆರು ರಾಜ್ಯಗಳ ಹಳ್ಳಿಗಳಿಗೆ ಕಳಿಸಿ ಸಮೀಕ್ಷೆ ಮಾಡಿಸಿದರು. ಕೆಲವು ಕಡೆ ಹಾಜರಿ ಹಾಳೆಯನ್ನು ಹಿಡಿದು ಮನೆಮನೆಗೆ ಹೋಗಿ, ಇಷ್ಟು ದಿನ ದುಡಿದಿರಾ, ಇಷ್ಟು ಹಣ ಬಂತಾ ಎಂದು ಕೇಳಿ ತಾಳೆ ನೋಡಿದರು. ಕೇಳಲು ಸುಲಭದ ಕೆಲಸ ಅನ್ನಿಸಬಹುದು. ಆ ವರ್ಷದ ಮೇ 14ರಂದು ಜಾರ್ಖಂಡಿನ ಪಲಾಮು ಜಿಲ್ಲೆಯಲ್ಲಿ ಲಲಿತ್ ಮೆಹ್ತಾ ಎಂಬ ಯುವ ಎಂಜಿನಿಯರ್ ಕೊಲೆಯಾದರು. ಉದ್ಯೋಗ ಖಾತ್ರಿಯ ಲೆಕ್ಕ ಪರಿಶೋಧನೆಗೆ ಬಂದಿದ್ದ ತಂಡಕ್ಕೆ ಅವರು ನೆರವಾಗುತ್ತಿದ್ದರು. ಒಂದು ಹಾಳೆಯನ್ನು ಗಟ್ಟಿಯಾಗಿ ಓದಿಸುವುದಕ್ಕೆ ಅಷ್ಟು ಬೆಲೆ ಇತ್ತು.

ಇದಾದ ಮೇಲೆ ಯಂತ್ರಗಳು ಒಂದರ ಹಿಂದೆ ಒಂದು ಬಂದವು. ಕೂಲಿ ಕೈಗೆ ಕೊಡುವುದು ನಿಂತು ಬ್ಯಾಂಕು, ಅಂಚೆ ಕಚೇರಿಗೆ ಹೋಯಿತು. ಇದು ನಿಜಕ್ಕೂ ಒಳ್ಳೆಯದಾಯಿತು, ಮೇಸ್ತ್ರಿಯ ಜೇಬಿನಿಂದ ಎಣಿಸಿ ಕೊಡುವ ಕಾಲ ಹೋಯಿತು. ಹಾಳೆಯನ್ನು ಕಂಪ್ಯೂಟರೇ ಹೆಸರು ಸಮೇತ ಮುದ್ರಿಸಿ ಕೊಡುವ ಇ-ಮಸ್ಟರ್ ಬಂತು. ಆಮೇಲೆ ಕೂಲಿ ನೇರ ದೆಹಲಿಯಿಂದ ಖಾತೆಗೆ ಬರತೊಡಗಿತು.

ಆದರೆ ಹಣ ತಡವಾದರೆ ಯಾರನ್ನು ಕೇಳಬೇಕು? ಮೊದಲು ಮೇಸ್ತ್ರಿ ಇದ್ದ, ಬಯ್ಯಲಿಕ್ಕಾದರೂ ಒಬ್ಬ ಮನುಷ್ಯ ಎದುರಿಗಿದ್ದ. ಈಗ ಪಿಡಿಒ ಕೇಳಿದರೆ "ಮೇಲಿಂದ ಬಂದಿಲ್ಲ" ಎನ್ನುತ್ತಾರೆ, ಬ್ಯಾಂಕಿನವರು "ಕೆಳಗಿಂದ ಬಂದಿಲ್ಲ" ಎನ್ನುತ್ತಾರೆ. ಹದಿನೈದು ದಿನದೊಳಗೆ ಕೂಲಿ ಕೊಡಬೇಕು, ಹದಿನಾರನೇ ದಿನದಿಂದ ದಿನಕ್ಕೆ ಶೇ. 0.05ರಂತೆ ಪರಿಹಾರ ಸೇರಿಸಬೇಕು ಎಂಬ ನಿಯಮವಿತ್ತು. ಕಂಪ್ಯೂಟರ್ ಈ ಪರಿಹಾರ ಲೆಕ್ಕ ಹಾಕುತ್ತಿತ್ತು. ಎಲ್ಲಿಯವರೆಗೆ? ಪಂಚಾಯತಿ, ತಾಲ್ಲೂಕು ಕಚೇರಿಯಲ್ಲಿ ಆದ ತಡದವರೆಗೆ ಮಾತ್ರ. ದೆಹಲಿಯಲ್ಲಿ ಆದ ತಡವನ್ನು ಅದು ಎಣಿಸುತ್ತಲೇ ಇರಲಿಲ್ಲ.

ಇದನ್ನು ಹಿಡಿದದ್ದು ಮತ್ತೆ ಕಂಪ್ಯೂಟರ್ ಬಲ್ಲ ಸಂಶೋಧಕರೇ. ಲಿಬ್‌ಟೆಕ್ ಇಂಡಿಯಾ ಎಂಬ ತಂಡದ ಜೊತೆಗಿದ್ದ ಕೆಲವರು ಸರ್ಕಾರದ್ದೇ ವೆಬ್‌ಸೈಟಿನಿಂದ 2016-17ರ ಹತ್ತು ರಾಜ್ಯಗಳ 90 ಲಕ್ಷಕ್ಕೂ ಹೆಚ್ಚು ಪಾವತಿಗಳ ವಿವರ ಇಳಿಸಿಕೊಂಡು ಲೆಕ್ಕ ಹಾಕಿದರು. ಸಮಯಕ್ಕೆ ಸರಿಯಾಗಿ ಕೂಲಿ ತಲುಪಿದ್ದು ಶೇ. 21ಕ್ಕೆ ಮಾತ್ರ. ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ, ಕೇಂದ್ರದ ಹಂತದಲ್ಲಿ ಆಗುವ ತಡಕ್ಕೂ ಪರಿಹಾರ ಕೊಡಬೇಕು, ಕಚೇರಿಗಳ ನಡುವಿನ ತೊಡಕು ಕೂಲಿಕಾರರ ತಲೆಗೆ ಬರಬಾರದು ಎಂಬ ಅರ್ಥದ ತೀರ್ಪು ಕೊಟ್ಟಿತು. ನಾನು ಮೇಷ್ಟ್ರಿಗೆ ತೋರಿಸಿದ್ದು ಇದನ್ನೇ. ಅವರು ಸುಮ್ಮನೆ ಓದಿ, "ಆಯ್ತು, ಇದೇ ವಿಷಯ ಇಟ್ಕೋ" ಎಂದರು.

ಈಗ ಅವ್ವನ ಫೋಟೋಗೆ ಬರುತ್ತೇನೆ.

ಎನ್‌ಎಂಎಂಎಸ್ ಎಂಬ ಆ್ಯಪ್ ಬಂದದ್ದು 2021ರ ಮೇ ತಿಂಗಳಲ್ಲಿ. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ತೆಗೆದು ಏರಿಸಬೇಕಿತ್ತು. ಫೋಟೋ ಜೊತೆ ಜಾಗ, ಹೊತ್ತು ಎರಡೂ ದಾಖಲಾಗುತ್ತಿತ್ತು. 2022ರ ಮೇ ತಿಂಗಳಿಂದ ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಕಡೆ ಕಡ್ಡಾಯ, 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಎಲ್ಲ ಕಡೆ ಕಡ್ಡಾಯವಾಯಿತು. ನಮ್ಮಲ್ಲಿ ಫೋಟೋ ತೆಗೆಯುತ್ತಿದ್ದುದು ಕಾಯಕ ಬಂಧು, ಅಂದರೆ ಗುಂಪಿನ ಮೇಟ್. ನಮ್ಮೂರ ಕಾಯಕ ಬಂಧು ಒಬ್ಬ ಹೆಣ್ಣುಮಗಳು. ಫೋನ್ ಅವಳದೇ, ಕರೆನ್ಸಿ ಅವಳದೇ, ಬೈಗುಳವೂ ಅವಳಿಗೇ. ಕೆರೆ ಅಂಗಳದಲ್ಲಿ ಸಿಗ್ನಲ್ ಇಲ್ಲ ಎಂದು ಏರಿ ಮೇಲೆ, ಹುಣಸೆ ಮರದ ಕೆಳಗೆ ಫೋನ್ ಎತ್ತಿ ಹಿಡಿದು ನಿಂತಿರುತ್ತಾಳೆ. ತಪ್ಪು ಅವಳದಲ್ಲ.

ಆ್ಯಪ್ ತಂದವರು ಹೇಳಿದ ಕಾರಣ ಸುಳ್ಳಲ್ಲ. ಜೆಸಿಬಿಯಲ್ಲಿ ಕೆಲಸ ಮಾಡಿಸಿ ಜಾಬ್ ಕಾರ್ಡಿನವರ ಹೆಸರಲ್ಲಿ ಬಿಲ್ಲು ಎತ್ತುವುದು ನಮಗೆ ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಫೋಟೋ ಇದ್ದರೆ ಕಳ್ಳತನ ನಿಲ್ಲುತ್ತದೆ ಎಂದರು. ನಿಂತಿತೇ? 2025ರ ಜುಲೈ 8ರಂದು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧವೇ ಇಲ್ಲದ ಫೋಟೋ ಏರಿಸುತ್ತಿದ್ದಾರೆ, ಹಳೇ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ, ಫೋಟೋದಲ್ಲಿರುವ ತಲೆಗೂ ಹಾಜರಿಗೂ ತಾಳೆಯಿಲ್ಲ, ಹೆಂಗಸರ ಹೆಸರಿರುವಲ್ಲಿ ಗಂಡಸರಿದ್ದಾರೆ, ಮಧ್ಯಾಹ್ನದ ಫೋಟೋ ಏರಿಸುತ್ತಿಲ್ಲ ಎಂದು ಅದರಲ್ಲಿ ಪಟ್ಟಿಯಿದೆ. ಇನ್ನು ಮುಂದೆ ಪಂಚಾಯತಿಯವರು ಎಲ್ಲ ಫೋಟೋಗಳನ್ನೂ ಕಣ್ಣಿಂದ ನೋಡಿ ಪರಿಶೀಲಿಸಬೇಕು ಎಂದೂ ಇದೆ.

ಕೋಟ್ ಕಿರಾಣಾದಲ್ಲಿ ಸತ್ತವರ ಹೆಸರು. ಇಲ್ಲಿ ಫೋಟೋದ ಫೋಟೋ. ಮೂವತ್ತು ವರ್ಷದಲ್ಲಿ ಸುಳ್ಳು ಹಾಜರಿ ತನ್ನ ರೂಪ ಬದಲಿಸಿಕೊಂಡಿದೆ, ಅಷ್ಟೇ. ವ್ಯತ್ಯಾಸ ಏನೆಂದರೆ, ಅಂದು ಸುಳ್ಳನ್ನು ಹಿಡಿದದ್ದು ಕೂಲಿಕಾರರು. ಇಂದು ಕೂಲಿಕಾರರೇ ಕಳ್ಳರೇನೋ ಎಂಬಂತೆ ಕ್ಯಾಮೆರಾ ಅವರ ಕಡೆ ತಿರುಗಿದೆ. ಕಳ್ಳತನ ಮಾಡುವವನಿಗೆ ಹಳೇ ಫೋಟೋ ಏರಿಸಲು ಬರುತ್ತದೆ. ನಮ್ಮವ್ವನಂಥವರಿಗೆ ನಿಜದ ಫೋಟೋ ಏರದೆ ಕೂಲಿ ಹೋಗುತ್ತದೆ. 2024ರ ಜನವರಿಯಿಂದ ಆಧಾರ್ ಮೂಲಕವೇ ಕೂಲಿ ಎಂಬುದೂ ಕಡ್ಡಾಯವಾಯಿತು. ಜಾಬ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದವರು ಪಂಚಾಯತಿಗೆ ಓಡಾಡುವುದನ್ನು ನೀವೂ ನೋಡಿರುತ್ತೀರಿ.

ಆ್ಯಪ್ ತೆಗೆದು ಹಳೇ ಹಾಳೆ ತನ್ನಿ ಎಂದು ನಾನು ಹೇಳುತ್ತಿಲ್ಲ. ಅಜ್ಜಿಯ ಹಾಳೆಯ ಕಥೆ ಮೇಲೆ ಬರೆದಿದ್ದೇನೆ. ಆದರೆ ಮೊದಲು ಸಾಯಂಕಾಲ ಹಾಳೆ ತಿರುವಿ 'ನಂದು ಇವತ್ತು ಹಾಕಿಯೇನಪ್ಪ' ಎಂದು ಕೇಳಬಹುದಿತ್ತು. ಈಗ ಹಾಜರಿ ಬಿದ್ದಿತೋ ಇಲ್ಲವೋ ಎಂದು ಅವತ್ತೇ ಅವ್ವನಿಗೆ ಹೇಳುವ ಏರ್ಪಾಡು ನಮ್ಮೂರ ಕೆಲಸದ ಜಾಗದಲ್ಲಿ ಇರಲಿಲ್ಲ. ಕೂಲಿ ಬಂದ ದಿನವೇ ಗೊತ್ತಾದದ್ದು. ಸಾವಿರಾರು ಕೋಟಿಯ ವ್ಯವಸ್ಥೆಯಲ್ಲಿ ಸಂಜೆ ಹೊತ್ತು ಒಂದು ಕನ್ನಡದ ಮೆಸೇಜು, 'ಇವತ್ತಿನ ಹಾಜರಿ ಬಿದ್ದಿಲ್ಲ' ಎಂದು, ಕಳಿಸಲು ಆಗದೇ?

ಜುಲೈ ಕೊನೆಗೆ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿದೆವು. ನಮ್ಮ ರಾಜ್ಯ ಸರ್ಕಾರದ 'ಮಾಹಿತಿ ಕಣಜ' ಎಂಬ ಜಾಲತಾಣವಿದೆ, ಕನ್ನಡದಲ್ಲಿದೆ, ಪಾಸ್‌ವರ್ಡ್ ಬೇಕಿಲ್ಲ. ಉದ್ಯೋಗ ಖಾತ್ರಿಯ ವೆಬ್‌ಸೈಟಿನಲ್ಲೂ ಊರುವಾರು ಹಾಜರಿ ಸಿಗುತ್ತಿತ್ತು. ಎರಡನ್ನೂ ಫೋನಿನಲ್ಲಿ ತೆಗೆದು, ಸಾಯಂಕಾಲ ಅಗಸಿ ಕಟ್ಟೆಗೆ ಕೂತೆ. ಮೊದಲು ಅವ್ವನ ಗುಂಪಿನ ಏಳೆಂಟು ಹೆಂಗಸರು ಬಂದರು. ಹೆಸರು, ದಿನ, ಕೂಲಿ ಒಂದೊಂದಾಗಿ ಓದುತ್ತ ಹೋದೆ. "ಸ್ವಲ್ಪ ಜೋರಾಗಿ ಓದ ಯವ್ವಾ" ಎಂದರು. ಓದಿದೆ. ಹೊತ್ತು ಮುಳುಗುವಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು.

ಅವ್ವನಂತೆಯೇ ಹನ್ನೊಂದು ಜನರಿಗೆ ಅವೇ ಮೂರು ದಿನ ಸೊನ್ನೆ. ಎಲ್ಲರ ಹೆಸರು ಬರೆದು, ಹೆಬ್ಬೆಟ್ಟು, ಸಹಿ ಹಾಕಿಸಿ ಒಂದು ಅರ್ಜಿ ಮಾಡಿ, ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಬಂದೆವು. ಪಟ್ಟಿಯಲ್ಲಿ ಇನ್ನೂ ಒಂದು ಹೆಸರಿತ್ತು. ಅದನ್ನು ಓದಿದಾಗ ಕಟ್ಟೆ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನುಷ್ಯ ಎರಡು ವರ್ಷದಿಂದ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಾನೆ. ಅವನಿಗೆ ಹನ್ನೆರಡೂ ದಿನ ಹಾಜರಿ ಬಿದ್ದಿತ್ತು.

"ಅದನ್ನ ಇನ್ನೊಮ್ಮಿ ಓದು" ಎಂದಳು ಅವ್ವ.